ಭಾನುವಾರದ ಮಾತುಕತೆ: ಸಮಯ ಬದಲು
ಎಲ್ಲರಿಗೂ ನಮಸ್ಕಾರ. ಕಲಬುರಗಿ ಬಿಸಿಲು ಗೊತ್ತಲ್ಲ, 4ರ ಬದಲು ಸಂಜೆ 6:30ಕ್ಕೆ ನಮ್ಮ ಮಾಳಿಗೆ ಮೇಲೆ ಸೇರೋಣ.

ಹೋದ ವಾರದ ಪ್ರಶ್ನೆ: ಬಾಹ್ಯಾಕಾಶದಲ್ಲಿ ಯಂತ್ರಕ್ಕೆ ಬಡಿದ ಕಣ ಪ್ರೋಟಾನೋ ಹೀಲಿಯಮ್ಮೋ, ಹೇಗೆ ಗೊತ್ತಾಗುತ್ತೆ? ಗಂಜ್‌ನಲ್ಲಿ ತೊಗರಿ ತೂಗುವ ಮುಂಚೆ ಗೊತ್ತಿರುವ ಕಲ್ಲಿಟ್ಟು ಕಾಟಾ ನೋಡ್ತಾರಲ್ವಾ, ಹಾಗೇ. ಬಾಹ್ಯಾಕಾಶದ ಕಣಗಳನ್ನು ಅಳೆಯುವ ಎಎಂಎಸ್-02 ಯಂತ್ರ 2011ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಯಿತು. ಅದಕ್ಕೂ ಮುಂಚೆ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿ ಗೊತ್ತಿರುವ ಪ್ರೋಟಾನ್‌ಗಳನ್ನು ಅದರೊಳಗೆ ಹಾಯಿಸಿ ನೋಡಿದ್ದರು. ಒಂದೇ ವೇಗದಲ್ಲಿ ಪ್ರೋಟಾನ್ ಯಂತ್ರದೊಳಗೆ ಬಿಟ್ಟುಹೋಗುವ ಶಕ್ತಿ 1 ಅಂದ್ಕೊಂಡರೆ ಹೀಲಿಯಂ 4, ಲಿಥಿಯಂ 9. ಅವುಗಳ ವಿದ್ಯುದಂಶ 1, 2, 3; ಅದನ್ನು ಅದರಿಂದಲೇ ಗುಣಿಸಿದ್ದು, ಅಷ್ಟೇ. ಮೇಲೆ ಬಿಸಿ-ತಂಪು ಏರಿಳಿದಂತೆ ಅಳತೆ ಸರಿಯುತ್ತೆ, ಅದಕ್ಕೇ ಅಲ್ಲಿಯೂ ಸರಿಪಡಿಸ್ತಾನೇ ಇರಬೇಕು. ನನಗೆ ಇದೇ ಮಜಾ ಅನ್ಸೋದು.

ಚಹಾ ನಮ್ಮದು. ಚಾಪೆ ಕಡಿಮೆ ಇವೆ, ಒಂದೊಂದು ತನ್ನಿ. ಬರುವವರು ಶನಿವಾರದೊಳಗೆ ತಿಳಿಸಿ.