ಮಗಳಿಗೊಂದು ಪತ್ರ: ಮಳೆಗಾಲದ ಬಟ್ಟೆ

ಶಿವಮೊಗ್ಗ
ಭಾನುವಾರ, ಆರಿದ್ರಾ ಮಳೆ

ಪ್ರೀತಿಯ ಪುಟ್ಟಿಗೆ, ಅಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಮಾತಿನ ಮಧ್ಯೆ ಫೋನು ಕಟ್ಟಾಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಸಿಗಲಿಲ್ಲ. ಆಗುಂಬೆಯಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತೆ ಅಂತ ನನಗೆ ಗೊತ್ತು. ಆದರೂ ಸಿಟ್ಟಿನಲ್ಲಿ ನೀನೇ ಇಟ್ಟುಬಿಟ್ಟೆಯೇನೋ ಅಂತ ನಿನ್ನಮ್ಮ ರಾತ್ರಿಯೆಲ್ಲ ಹೊರಳಾಡಿದಳು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಉಡುಪಿ ಬಸ್ಸಿಗೆ ಸಾಮಾನಿನ ಜೊತೆ ಕೊಡುತ್ತೇನೆ.

ಪೋಸ್ಟಿಂಗ್ ಒಪ್ಪಿಕೊಂಡಾಗ ಮನೆಯಲ್ಲಿ ನಡೆದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಎತ್ತೋದಿಲ್ಲ. ಪಾಪುವಿನ ತೊಡೆಸಂದಿ ಕೆಂಪಗಾಗಿ ಗುಳ್ಳೆ ಎದ್ದಿದೆ, ಡಾಕ್ಟರು ಮುಲಾಮು ಕೊಟ್ಟು ಒದ್ದೆ ಬಟ್ಟೆ ಹಾಕಬೇಡಿ ಅಂದಿದ್ದಾರೆ, ಮನೆಯಲ್ಲಿ ನೋಡಿದರೆ ಒಂದು ಬಟ್ಟೆಯೂ ಒಣಗುತ್ತಿಲ್ಲ. ಇಷ್ಟು ಕೇಳಿಯೇ ಸಂಕಟವಾಯಿತು. ಆದರೆ ನನಗೆ ಹೆದರಿಕೆ ಹುಟ್ಟಿದ್ದು ನೀನು ಕೊನೆಗೆ ಹೇಳಿದ ಮಾತಿಗೆ. "ಅತ್ತೆ ಊರಿಂದ ಅಗ್ಗಿಷ್ಟಿಕೆ ತಂದಿದ್ದಾರೆ ಅಪ್ಪ, ಇನ್ಮೇಲೆ ರಾತ್ರಿ ರೂಮಲ್ಲೇ ಇದ್ದಿಲು ಹಾಕಿ, ಮೇಲೆ ಬುಟ್ಟಿ ಕವುಚಿ ಉಚ್ಚೆ ಬಟ್ಟೆ ಒಣಗಿಸ್ತೀವಿ" ಅಂದೆಯಲ್ಲ, ಅದಕ್ಕೆ.

ಆ ಕೆಲಸ ಮಾತ್ರ ಮಾಡಬೇಡ. ಕಿಟಕಿ ಬಾಗಿಲು ಹಾಕಿದ ರೂಮಿನಲ್ಲಿ ಕೆಂಡ ಇಟ್ಟುಕೊಂಡು ಮಲಗಬೇಡಿ. ಬಟ್ಟೆ ಒಣಗದಿದ್ದರೆ ಒಣಗದೇ ಇರಲಿ.

ನಮ್ಮ ಅಂಗಡಿಯಲ್ಲಿ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇದ್ದ ಕಾಲ. ನೀನಿನ್ನೂ ಹುಟ್ಟಿರಲಿಲ್ಲ. ದುರ್ಗಿಗುಡಿಯ ಅದೇ ಸಾಲಿನಲ್ಲಿ ಇನ್ನೊಂದು ಇಸ್ತ್ರಿ ಅಂಗಡಿ ಇತ್ತು. ಅಲ್ಲಿ ಕೆಲಸಕ್ಕಿದ್ದ ಹುಡುಗ ರಾತ್ರಿ ಅಂಗಡಿಯಲ್ಲೇ ಮಲಗುತ್ತಿದ್ದ. ಒಂದು ಮಳೆಗಾಲದಲ್ಲಿ ಚಳಿ ತಡೆಯೋಕಾಗದೆ, ಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನೆಲ್ಲ ಬಾಣಲೆಗೆ ಸುರಿದು, ಇನ್ನಷ್ಟು ಇದ್ದಿಲು ಹಾಕಿ, ಶಟರ್ ಎಳೆದುಕೊಂಡು ಮಲಗಿದ್ದಾನೆ. ಬೆಳಿಗ್ಗೆ ನಾನು ನಮ್ಮ ಬಾಗಿಲು ತೆಗೆಯುವಾಗ ಆ ಕಡೆಯಿಂದ ನರಳುವ ಸದ್ದು ಕೇಳಿಸಿತು. ಎಲ್ಲರೂ ಸೇರಿ ಶಟರ್ ಎತ್ತಿದೆವು. ಒಳಗೆ ಹೊಗೆ ಇರಲಿಲ್ಲ. ವಾಸನೆ ಇರಲಿಲ್ಲ. ಬಾಣಲೆಯಲ್ಲಿ ಬೂದಿಯ ಕೆಳಗೆ ಒಂದಿಷ್ಟು ಕೆಂಡ ಇನ್ನೂ ನಿಗಿನಿಗಿ ಅನ್ನುತ್ತಿತ್ತು. ಹುಡುಗ ಕಣ್ಣು ಬಿಟ್ಟುಕೊಂಡೇ ಬಿದ್ದಿದ್ದ. ಮಳೆಯಲ್ಲೇ ರಸ್ತೆಗೆ ಎಳೆದು ತಂದೆವು. ವಾಂತಿ ಮಾಡಿಕೊಂಡ. ಆಟೋದಲ್ಲಿ ಮೆಗ್ಗಾನ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಆಕ್ಸಿಜನ್ ಹಾಕಿದರು, ಉಳಿದ. ಆಮೇಲೆ ಅವನು ಹೇಳಿದ್ದು ಇದು: "ಎಚ್ಚರ ಆಗಿತ್ತಣ್ಣ. ತಲೆ ಸಿಡೀತಿತ್ತು. ಶಟರ್ ಕಾಣ್ತಿತ್ತು. ಏಳಬೇಕು ಅಂತ ಗೊತ್ತಿತ್ತು. ಕಾಲು ಮಾತ್ರ ಏಳಲಿಲ್ಲ."

ಗಟ್ಟಿಮುಟ್ಟಾದ ಹುಡುಗ ಅವನು. ಮೂಟೆ ಬಟ್ಟೆ ಹೆಗಲ ಮೇಲೆ ಹೊತ್ತು ತರುತ್ತಿದ್ದವನು. ಅವನಿಗೇ ಕಾಲು ಏಳಲಿಲ್ಲ ಅಂದರೆ ಪಾಪುವಿನ ಗತಿ ಏನು, ನೀನೇ ಹೇಳು. ಅದು ಅಳುವುದಕ್ಕೂ ಆಗದೆ ಸುಮ್ಮನಾಗಿಬಿಡುತ್ತೆ. ಮಗು ಚೆನ್ನಾಗಿ ನಿದ್ದೆ ಮಾಡ್ತಿದೆ ಅಂತ ನೀವು ಅಂದುಕೊಳ್ಳುತ್ತೀರಿ.

ನೀನು ವಿಜ್ಞಾನದ ಮೇಡಂ. ನಾನು ಹೇಳಿಕೊಡಬೇಕಾಗಿಲ್ಲ. ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ, ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಯನ್ನು ಹಿಡಿದುಕೊಳ್ಳುತ್ತೆ ಅಂತ ನಿನ್ನ ಕಾಲೇಜು ಪುಸ್ತಕಕ್ಕೆ ಬೈಂಡು ಹಾಕುವಾಗ ನಾನೇ ಓದಿದ್ದೆ. ಓದಿದ ಕೂಡಲೇ ಆ ಹುಡುಗನ ನೆನಪಾಗಿತ್ತು. ಹೊಗೆ ಬಂದರೆ ಮನುಷ್ಯ ಕೆಮ್ಮಿ ಎದ್ದು ಹೊರಗೆ ಹೋಗುತ್ತಾನೆ. ಇದು ಹಾಗಲ್ಲ, ಬಂದಿದ್ದೇ ಗೊತ್ತಾಗುವುದಿಲ್ಲ.

ಹಾಗಂತ ಅತ್ತೆಯವರ ಮುಂದೆ ಇದು ತಪ್ಪು ಅಂತ ಹೇಳಬೇಡ. ಅವರ ಮನೆಯಲ್ಲಿ ಅದು ನಡೆಯುತ್ತಿತ್ತು. ಹೆಂಚಿನ ಮನೆ. ಹೆಂಚಿನ ಸಂದಿಯಲ್ಲಿ, ಮಾಡಿನ ಅಂಚಿನಲ್ಲಿ ಸದಾ ಗಾಳಿ ಆಡುತ್ತೆ. ಬಟ್ಟೆ ಒಣಗಿಸುವುದೂ ಮಲಗುವ ಕಡೆ ಅಲ್ಲ, ಬಚ್ಚಲ ಒಲೆ ಮೇಲೆ ಗಳ ಕಟ್ಟಿ. ನಿಮ್ಮದು ಆರ್‌ಸಿಸಿ ಬಾಡಿಗೆ ಮನೆ. ಗಾಜಿನ ಕಿಟಕಿ ಎಳೆದರೆ ಒಂದು ಸಂದಿ ಇರುವುದಿಲ್ಲ. ಆ ಮನೆಗೆ ಆಗಿಬಂದ ಪದ್ಧತಿ ಈ ಮನೆಗೆ ಆಗಿಬರುವುದಿಲ್ಲ, ಅಷ್ಟೇ. ಹಿಂದುಗಡೆ ಬಚ್ಚಲಿಗೆ ಹೆಂಚು ಇದೆ, ಹಂಡೆ ಒಲೆಯೂ ಇದೆ ಅಂದಿದ್ದೆ ಅಲ್ವಾ? ಅಲ್ಲೇ ಒಂದು ಗಳ ಕಟ್ಟಿಸು. ಒಲೆಯ ನೇರಕ್ಕೆ ಬೇಡ, ಒಂದು ಮಾರು ಪಕ್ಕಕ್ಕಿರಲಿ, ಬಟ್ಟೆ ಜಾರಿದರೂ ಬೆಂಕಿಗೆ ಬೀಳಬಾರದು. ಬಾಗಿಲು ತೆಗೆದೇ ಇರಲಿ. ಬೆಳಿಗ್ಗೆ ಸ್ನಾನದ ನೀರು ಕಾಯಿಸುವಾಗ ಪಾಪುವಿನ ಬಟ್ಟೆ ಒಣಗುತ್ತೆ. ಆ ಜವಾಬ್ದಾರಿ ಅತ್ತೆಯವರಿಗೇ ಕೊಡು. ಅವರಷ್ಟು ಚೆನ್ನಾಗಿ ಅದು ನಮಗ್ಯಾರಿಗೂ ಬರುವುದಿಲ್ಲ.

ನಾನು ಬರಬೇಕಿತ್ತು. 180 ದಿನದ ರಜೆ ಮುಗಿಸಿ, ಮಗು ಕಟ್ಟಿಕೊಂಡು ಹೊಸ ಮನೆ ಹೂಡುವಾಗ ನಾನಾಗಲಿ ಅಮ್ಮನಾಗಲಿ ಜೊತೆಗಿರಬೇಕಿತ್ತು. ಅವಳ ಮಂಡಿ ಮೆಟ್ಟಿಲು ಹತ್ತೋಕೆ ಬಿಡಲಿಲ್ಲ, ನನ್ನನ್ನು ಮದುವೆ ಸೀಸನ್ನಿನ ಬಟ್ಟೆ ಬಿಡಲಿಲ್ಲ. ಬೇಜಾರು ಮಾಡ್ಕೋಬೇಡ ಮಗಳೇ. "ನಿಮಗೆ ಅಂಗಡಿ ಬಟ್ಟೆ ಗೊತ್ತು, ಮಗು ಬಟ್ಟೆ ಗೊತ್ತಿಲ್ಲ" ಅಂದೆ ನೀನು. ಇರಲಿ. ಆದರೆ ನೀರು ಎಲ್ಲಾ ಬಟ್ಟೆಯಲ್ಲೂ ಒಂದೇ ತರ ಕೂತಿರುತ್ತೆ, ಅದನ್ನು ತೆಗೆಯುವುದು ನನಗೆ ಗೊತ್ತು. ಅಷ್ಟು ಹೇಳುತ್ತೇನೆ, ಕೇಳು.

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ಅದು. ಗಾಳಿಯೇ ನೀರು ಕುಡಿದು ಕೂತಿರುತ್ತೆ, ನಿನ್ನ ಬಟ್ಟೆಯ ನೀರನ್ನು ಎಲ್ಲಿ ತಗೊಳ್ಳುತ್ತೆ? ಹಾಗಾಗಿ ಬಟ್ಟೆ ಹಗ್ಗಕ್ಕೆ ಹೋಗುವ ಮುಂಚೆಯೇ ನೀರು ತೆಗೆದುಬಿಡಬೇಕು. ನಿನ್ನದು ಸೆಮಿ ಆಟೊಮ್ಯಾಟಿಕ್ ಮೆಷಿನ್, ಹಿಂಡುವ ಟಬ್ ಬೇರೆ ಇದೆ, ಒಳ್ಳೆಯದೇ ಆಯಿತು. ಕರೆಂಟು ಒಂದು ಗಂಟೆ ಬಂದರೆ ಅದನ್ನು ತೊಳೆಯೋಕೆ ಕಳೆಯಬೇಡ, ಹಿಂಡೋಕೆ ಇಟ್ಟುಕೋ. ತೊಳೆಯೋಕೆ ಕೈ ಇದೆ, ಕಲ್ಲಿದೆ. ಹಿಂಡುವ ಟಬ್ಬಿಗೆ ಸ್ವಲ್ಪ ಸ್ವಲ್ಪ ಬಟ್ಟೆ ಹಾಕು, ಸುತ್ತಲೂ ಸಮ ಮಾಡಿ ಹಾಕು. ಒಂದು ಸಲ ಹಿಂಡಿ, ತೆಗೆದು ಕೊಡವಿ, ಮಡಿಕೆ ಬದಲಿಸಿ ಮತ್ತೆ ಹಿಂಡು. ಎರಡನೇ ಸಲವೂ ಪೈಪಿನಲ್ಲಿ ನೀರು ಬರುತ್ತೆ, ನೋಡು ಬೇಕಾದರೆ. ಟಬ್ಬು ಪೂರ್ತಿ ನಿಲ್ಲದೆ ಕೈ ಹಾಕಬೇಡ. ಕರೆಂಟೇ ಇಲ್ಲದ ದಿನ ಒಣ ಟವೆಲ್ಲಿನಲ್ಲಿ ಮಗುವಿನ ಬಟ್ಟೆ ಸುತ್ತಿ ತುಳಿ, ಟವೆಲ್ಲು ನೀರು ಎಳೆದುಕೊಳ್ಳುತ್ತೆ.

ಒಣಗಿಸೋಕೆ ಆ ಚಿಕ್ಕ ಸ್ಟೋರ್ ರೂಮನ್ನೇ ಇಟ್ಟುಕೊಳ್ಳಿ. ಮಲಗುವ ರೂಮು ಬೇಡ. ಬಟ್ಟೆಯಿಂದ ಏಳುವ ತೇವ ಗೋಡೆಗೆ ಕೂತು ಬೂಷ್ಟು ಬರುತ್ತೆ, ಅದೇ ಗಾಳಿ ಮಗುವಿನ ಮೂಗಿಗೆ ಹೋಗುತ್ತೆ. ಹಗ್ಗದ ಮೇಲೆ ಬಟ್ಟೆಗೂ ಬಟ್ಟೆಗೂ ನಾಲ್ಕು ಬೆರಳು ಜಾಗ ಬಿಡು. ಉದ್ದದ್ದು, ಗಿಡ್ಡದ್ದು ಒಂದು ಬಿಟ್ಟು ಒಂದು ಹಾಕು. ಪ್ಯಾಂಟುಗಳನ್ನು ಒಳಮೈ ಹೊರಗೆ ಮಾಡಿ, ಸೊಂಟದ ಕಡೆ ಕ್ಲಿಪ್ ಹಾಕಿ ಬಿಡು. ಫ್ಯಾನು ಬಟ್ಟೆಗಳ ನಡುವೆ ಹಾದು ಹೋಗುವ ಹಾಗೆ ನೆಲದಿಂದ ತಿರುಗಿಸಿಡು. ಇರಚಲು ಬಾರದ ಕಡೆಯ ಕಿಟಕಿಯನ್ನು ಒಂದು ಗೇಣು ತೆಗೆದಿಡು. ಪೂರ್ತಿ ಮುಚ್ಚಿದರೆ ಒಂದು ಗಂಟೆಯಲ್ಲಿ ರೂಮಿನ ಗಾಳಿಯೂ ಬಟ್ಟೆಯಷ್ಟೇ ಒದ್ದೆಯಾಗಿ ಕೂರುತ್ತೆ, ಆಮೇಲೆ ಫ್ಯಾನು ಸುಮ್ನೆ ತಿರುಗುತ್ತೆ.

ಕಿಟಕಿ ಅಂದಾಗ ಮತ್ತೆ ಅದೇ ನೆನಪಾಗುತ್ತೆ. ಆ ಅಂಗಡಿಗೆ ಶಟರ್ ಮೇಲೆ ಒಂದು ಚಿಕ್ಕ ಗವಾಕ್ಷಿ ಇತ್ತು. ಮಳೆ ನೀರು ಒಳಗೆ ಹೊಡೆಯುತ್ತೆ ಅಂತ ಹುಡುಗ ಅದಕ್ಕೂ ಗೋಣಿ ತುರುಕಿದ್ದ. ಕಿಟಕಿ ಸ್ವಲ್ಪ ತೆಗೆದಿದ್ದರೆ ಪರವಾಗಿಲ್ಲ ತಾನೇ ಅಂತ ನೀನು ಕೇಳಬಹುದು. ಹಾಗೂ ಕೆಂಡ ಇಡಬೇಡಿ. ಆಗುಂಬೆಯ ಮಳೆಗೆ ರಾತ್ರಿ ಯಾರಾದರೂ ಎದ್ದು ಆ ಕಿಟಕಿ ಮುಚ್ಚೇ ಮುಚ್ಚುತ್ತಾರೆ.

ಪಾಪುವಿನ ಗುಳ್ಳೆಗೆ ತೇವ ಒಂದೇ ಕಾರಣ ಅಂತ ನನಗನ್ನಿಸುವುದಿಲ್ಲ. ಸೋಪೂ ಇರಬಹುದು. ಶಿವಮೊಗ್ಗದ ಬೋರ್ ನೀರಿಗೆ ಹಾಕುತ್ತಿದ್ದಷ್ಟೇ ಪುಡಿ ಅಲ್ಲೂ ಹಾಕುತ್ತಿದ್ದೀಯಾ? ಮಲೆನಾಡಿನ ನೀರು ಮೆದು, ನೊರೆ ಬೇಗ ಬರುತ್ತೆ, ಬೇಗ ಬಿಡುವುದಿಲ್ಲ. ಅರ್ಧ ಪುಡಿ ಸಾಕು. ಉಚ್ಚೆ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಾಡು, ಆಮೇಲೆ ಹಂಡೆಯ ಬಿಸಿನೀರು. ಹಾಲು, ಕಕ್ಕ ಆದ ಬಟ್ಟೆಗೆ ಮೊದಲೇ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತೆ. ಕೊನೆಯ ನೀರಿನಲ್ಲಿ ನೊರೆ ಕಾಣದ ತನಕ ಜಾಲಾಡು, ಅಲ್ಲಿ ನೀರಿಗೇನು ಬರವಾ? ವಾಸನೆಗೆ ಅಂತ ಕಂಫರ್ಟ್ ತರದ ಬಟ್ಟೆ ಮೆದು ಮಾಡುವ ದ್ರವ ಹಾಕಬೇಡ, ಬಟ್ಟೆ ಉಚ್ಚೆ ಹೀರುವುದನ್ನೇ ಬಿಡುತ್ತೆ. ಬ್ಲೀಚು ಮಗುವಿನ ಬಟ್ಟೆಗೆ ಬೇಡವೇ ಬೇಡ. ಬೇರೆ ಬಿಳಿ ಬಟ್ಟೆಗೆ ಹಾಕಿದರೂ ಅದರ ಜೊತೆ ಬಚ್ಚಲು ತೊಳೆಯುವ ಆಸಿಡ್ ಸೋಕಿಸಬೇಡ, ಕ್ಲೋರಿನ್ ಗಾಳಿ ಏಳುತ್ತೆ.

ಈಗ ನನ್ನ ಕಸುಬಿನದೊಂದು. ಬಟ್ಟೆ ಒಣಗಿದೆ ಅಂತ ಅಂಗೈಯಲ್ಲಿ ಮುಟ್ಟಿ ಹೇಳಬೇಡ. ಹೊಲಿಗೆ ದಪ್ಪಗಿರುವ ಕಡೆ ಕೆನ್ನೆಗೆ ಒತ್ತಿ ನೋಡು. ತಣ್ಣಗೆ ಹತ್ತಿದರೆ ಇನ್ನೂ ನೀರಿದೆ. ಅಲ್ಲಿಗೇ ಇಸ್ತ್ರಿ ಬೇಕು. ಬಟ್ಟೆ ಪೂರ್ತಿ ಉಜ್ಜುತ್ತಾ ಕೂರಬೇಡ. ಕಾಟನ್ನಿಗೆ ಮೂರು ಚುಕ್ಕೆಯ ಬಿಸಿ ಇಟ್ಟು, ಹೊಲಿಗೆ ಮೇಲೆ, ಅಂಚಿನ ಮೇಲೆ ನಿಧಾನಕ್ಕೆ ಒತ್ತಿ ಎಳಿ. ಹಬೆ ಏಳುತ್ತೆ. ಹಬೆ ನಿಂತ ಮೇಲೆ ತಿರುಗಿಸು. ಕೂಡಲೇ ಮಡಚಬೇಡ, ಸ್ವಲ್ಪ ಹೊತ್ತು ಹರಡಿಡು, ಒಳಗಿನ ಹಬೆ ಹೋಗಲಿ. ಬಿಸಿಯಲ್ಲೇ ಮಡಚಿಟ್ಟ ಬಟ್ಟೆಗೆ ಮಾರನೇ ದಿನ ಮುಗ್ಗುಲು ವಾಸನೆ ಬಂದೇ ಬರುತ್ತೆ. ಸ್ಕೂಲಿಗೆ ಉಡುವ ಕಾಟನ್ ಸೀರೆಗೆ ಮಳೆಗಾಲ ಮುಗಿಯುವ ತನಕ ಗಂಜಿ ಹಾಕಬೇಡ. ಗಂಜಿ ಅಂದರೆ ಬೂಷ್ಟಿಗೆ ಊಟ. ರೇಷ್ಮೆ ಸೀರೆಗಳು ನಮ್ಮಲ್ಲೇ ಇರಲಿ, ದೀಪಾವಳಿ ಕಳೆದ ಮೇಲೆ ತಗೊಂಡು ಹೋಗು.

ಮೊದಲ ದಿನ ನೀನು ಸ್ಕೂಲಿಗೆ ಹೋದ ಫೋಟೋ ಅಳಿಯಂದಿರು ಕಳಿಸಿದ್ದರಲ್ಲ, ಅದನ್ನು ಅಂಗಡಿಯಲ್ಲಿ ಬಂದವರಿಗೆಲ್ಲ ತೋರಿಸಿದ್ದೇನೆ. ನೆರಿಗೆ ಒಂದರ ಮೇಲೊಂದು ಕೂತಿದ್ದವು. ನೀನೇ ಇಸ್ತ್ರಿ ಮಾಡಿದ್ದು ಅಂತ ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಮನೆಯಲ್ಲಿ ಮೊದಲ ಸರ್ಕಾರಿ ಕೆಲಸ ನಿನ್ನದು. ಊರು ಯಾವುದಾದರೇನು, ನೀನು ಹೋಗಿದ್ದು ಸರಿ.

ಪಾರ್ಸಲ್ಲಿನಲ್ಲಿ ಪ್ಲಾಸ್ಟಿಕ್ ಸುತ್ತಿದ ತಂತಿ, ಕ್ಲಿಪ್ಪು, ಅಂಗಡಿಯ ಟೇಬಲ್ ಫ್ಯಾನು ಇದೆ. ಕಬ್ಬಿಣದ ತಂತಿ ಬಿಚ್ಚಿಬಿಡು, ಮಳೆಗೆ ತುಕ್ಕಿನ ಕಲೆ ಹತ್ತುತ್ತೆ. ಅಮ್ಮ ನನ್ನ ಹಳೇ ಪಂಚೆಗಳನ್ನು ಹರಿದು, ಅಂಚು ಹೊಲಿದು ಉಚ್ಚೆ ಬಟ್ಟೆ ಮಾಡಿದ್ದಾಳೆ. ಒಂದೇ ಪದರ, ಆ ದಪ್ಪ ನ್ಯಾಪಿಗಿಂತ ಎಷ್ಟೋ ಬೇಗ ಒಣಗುತ್ತೆ. ಎರಡು ಮಡಿಕೆ ಮಾಡಿ ಕಟ್ಟು. ಕಂಡಕ್ಟರಿಗೆ ನಿನ್ನ ಹೆಸರು ಹೇಳಿರುತ್ತೇನೆ. ಅಳಿಯಂದಿರು ಬಸ್ ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಲಿ. ಸಿಗ್ನಲ್ ಸಿಕ್ಕ ಕೂಡಲೇ ಪಾಪು ಹೇಗಿದೆ, ಅಗ್ಗಿಷ್ಟಿಕೆ ಎಲ್ಲಿದೆ, ಎರಡೂ ಹೇಳು.

ಇಂತಿ,
ನಿನ್ನ ಅಪ್ಪ

ಕಾಗದ ಮಡಚುವಾಗ ಅಮ್ಮ ನೆನಪಿಸಿದಳು. ನೀನು ಹೋಗುವಾಗ ಇಲ್ಲಿಂದ ನುಸಿಗುಳಿಗೆ ಪ್ಯಾಕೆಟ್ ತಗೊಂಡು ಹೋಗಿದ್ದೀಯಂತೆ. ಪಾಪುವಿನ ಬಟ್ಟೆ ಇರುವ ಕಪಾಟಿನಲ್ಲಿ ಅದನ್ನು ಇಡಬೇಡ. ಅದರಲ್ಲಿ ನ್ಯಾಫ್ತಲೀನ್ ಇರುತ್ತೆ. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಿಗೆ ಅದರಿಂದ ರಕ್ತದ ಕೆಂಪು ಕಣ ಒಡೆದು ಕಾಮಾಲೆ ಆಗುತ್ತೆ. ನಮ್ಮ ಪಾಪುವಿಗೆ ಆ ತೊಂದರೆ ಇದೆಯೋ ಇಲ್ಲವೋ ಯಾರೂ ಪರೀಕ್ಷೆ ಮಾಡಿಸಿಲ್ಲ. ಈಗಾಗಲೇ ಇಟ್ಟಿದ್ದರೆ ಆ ಬಟ್ಟೆಗಳನ್ನೆಲ್ಲ ಮತ್ತೆ ತೊಳೆದು, ಚೆನ್ನಾಗಿ ಗಾಳಿಗೆ ಹಾಕಿದ ಮೇಲೆ ತೊಡಿಸು. ಬದಲಿಗೆ ಲಾವಂಚದ ಬೇರು ಕಳಿಸಿದ್ದೇನೆ, ಪಂಚೆ ಬಟ್ಟೆಗಳ ಕೆಳಗೆ ಚಿಕ್ಕ ಗಂಟಿನಲ್ಲಿದೆ.