ಶಿರಸಿಯಲ್ಲೊಂದು ಮಾನವಿಕ ಶಾಲೆ ತೆರೆಯಿರಿ: ಉತ್ತರ ಕನ್ನಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮೂರು ವರ್ಷಗಳ ಹಿಂದೆ ಅಂಕೋಲಾ ತಾಲೂಕಿನ ಹಾಲಕ್ಕಿ ಒಕ್ಕಲಿಗರ ಕೊಪ್ಪವೊಂದರಿಂದ (ಸಣ್ಣ ಕೇರಿಯಿಂದ) ನನ್ನ ತರಗತಿಗೆ ಬರುತ್ತಿದ್ದ ಹುಡುಗಿಯೊಬ್ಬಳು ತನ್ನ ಅಜ್ಜಿಯ ಹಾಡುಗಳನ್ನು ಎರಡು ನೋಟ್‌ಬುಕ್ ತುಂಬ ಬರೆದಿಟ್ಟಿದ್ದಳು. ಯಾವುದು ಸುಗ್ಗಿಯದು, ಯಾವುದು ಮದುವೆಯದು, ಯಾವ ಮಾತಿನ ಅರ್ಥ ಅಜ್ಜಿಗೂ ಮರೆತಿದೆ ಎಂದು ಅಂಚಿನಲ್ಲಿ ಗುರುತು ಹಾಕಿದ್ದಳು. ಹೀಗೆ ಮಾಡೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಇತಿಹಾಸ, ಐಚ್ಛಿಕ ಕನ್ನಡ ಓದುವ ಆಸೆಯಿಂದ ಹೋದರೆ, ಹತ್ತಿರದ ಕಾಲೇಜಿನಲ್ಲಿ ದಾಖಲಾತಿ ಸಾಲದೆಂದು ಕಲಾ ವಿಭಾಗವನ್ನೇ ಮುಚ್ಚಿದ್ದರು. ಅವಳು ವಾಣಿಜ್ಯಕ್ಕೆ ಸೇರಿದಳು. ಆ ಸಂಕಟ ನನ್ನಿಂದ ಇನ್ನೂ ಇಳಿದಿಲ್ಲ.

ಅದಕ್ಕೇ ಈ ಪತ್ರ. ಭಾಷೆ, ಇತಿಹಾಸ, ಭೂಗೋಳ, ಸಮಾಜಶಾಸ್ತ್ರ, ಜಾನಪದಗಳಿಗೆ ಹೆಚ್ಚು ವೇಳೆ ಕೊಡುವ, ಎಂಟನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಒಂದು ಸರಕಾರಿ ವಸತಿ ಶಾಲೆಯನ್ನು ಶಿರಸಿಯಲ್ಲಿ ತೆರೆಯಿರಿ. ಹತ್ತರವರೆಗೆ ಗಣಿತ, ವಿಜ್ಞಾನಗಳೂ ಇರಲಿ. ಪರೀಕ್ಷೆ ಎಲ್ಲರಿಗೂ ಇರುವುದೇ ಇರಲಿ.

ಶಿರಸಿಯಿಂದ ಬನವಾಸಿ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಅಲ್ಲಿಯ ಮಧುಕೇಶ್ವರ ದೇವಾಲಯದ ನಾಗಶಿಲೆಯಲ್ಲಿ ಕದಂಬರಿಗೂ ಹಿಂದಿನ, ಪ್ರಾಕೃತ ಭಾಷೆಯ ಬ್ರಾಹ್ಮಿ ಬರಹವಿದೆ. ನಮ್ಮ ಮಕ್ಕಳು ಪ್ರವಾಸಕ್ಕೆ ಹೋಗಿ, ಫೋಟೋ ತೆಗೆದು, ಮರಳಿ ಬಸ್ಸು ಹತ್ತುತ್ತಾರೆ. ಅದರ ಎದುರು ಕುಳಿತು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುವುದನ್ನು, ವೀರಗಲ್ಲಿನ ಕಥೆಯನ್ನು ಕೆಳಗಿನ ಪಟ್ಟಿಕೆಯಿಂದ ಮೇಲಕ್ಕೆ ನೋಡುತ್ತ ಹೋಗುವುದನ್ನು ಹದಿಮೂರನೆಯ ವಯಸ್ಸಿನಲ್ಲಿ ಕಲಿತ ಮಗುವಿಗೆ ಇತಿಹಾಸ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಘಟ್ಟದ ಕೆಳಗೂ ಪಾಠಕ್ಕೆ ಕೊರತೆಯಿಲ್ಲ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾನೂನು ಮುರಿದವರ, ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡವರ ಬಗ್ಗೆ ಮನೆಮನೆಗಳಲ್ಲಿ ಉಳಿದಿರುವ ನೆನಪುಗಳನ್ನು ಬರೆದುಕೊಳ್ಳಬೇಕಾದದ್ದು ಈಗಲೇ. ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳಿಗೆ, ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟವರ ಮೊಮ್ಮಕ್ಕಳು ಇಂದು ನಮ್ಮ ಬೆಂಚುಗಳಲ್ಲಿ ಕುಳಿತಿದ್ದಾರೆ. ತಮ್ಮ ಹಿರಿಯರ ಊರಿನ ಹೆಸರು ಕೇಳಿದರೆ ಕೆಲವರು ಸುಮ್ಮನಾಗುತ್ತಾರೆ. ಭೂಸ್ವಾಧೀನದ ನೋಟಿಸನ್ನು ಓದುವುದು ಹೇಗೆ, ಅದಕ್ಕೆ ಆಕ್ಷೇಪಣೆ ಬರೆಯುವುದು ಹೇಗೆ ಎಂಬುದು ಈ ಜಿಲ್ಲೆಯ ಮಕ್ಕಳಿಗೆ ಕಲಿಸಲೇಬೇಕಾದ ಪಾಠವೆಂದು ನಾನು ನಂಬಿದ್ದೇನೆ.

ಕಲೆ ಓದಿದರೆ ಕೆಲಸ ಸಿಗದು ಎನ್ನುತ್ತಾರೆ. ವಕೀಲಿ, ಪತ್ರಿಕೆ, ಶಿಕ್ಷಣ, ಕೆಎಎಸ್ ಎಲ್ಲಕ್ಕೂ ಬೇಕಾಗುವುದು ಇವೇ ವಿಷಯಗಳು.

ಆದರೆ ಅತಿಥಿ ಶಿಕ್ಷಕರನ್ನೇ ನೆಚ್ಚಿಕೊಂಡು ಶಾಲೆ ತೆರೆಯಬೇಡಿ. ಕಾಯಂ ಹುದ್ದೆಗಳು ಮಂಜೂರಾಗಲು ಒಂದು ವರ್ಷ ತಡವಾದರೂ ಆಗಲಿ. ವಸತಿ ನಿಲಯವಂತೂ ಬೇಕೇ ಬೇಕು. ಯಲ್ಲಾಪುರದ ಕಾಡಂಚಿನ ಸಿದ್ದಿ ಬುಡಕಟ್ಟಿನ ಹುಡುಗನೂ ಕಾರವಾರದ ಮೀನುಗಾರರ ಮಗಳೂ ಮಳೆಗಾಲದಲ್ಲಿ ದಿನವೂ ಬಂದು ಹೋಗಲಾರರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಹುಟ್ಟುಹಾಕಿ ಬಡಮಕ್ಕಳಿಗೆ ಹೈಸ್ಕೂಲಿನ ಬಾಗಿಲು ತೆರೆದ ದಿನಕರ ದೇಸಾಯಿಯವರ ಜಿಲ್ಲೆ ಇದು.

ಜಿಲ್ಲೆಯ ಅಭಿವೃದ್ಧಿ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಿ. ಕಟ್ಟಡ ಏಳುವವರೆಗೆ ಸರಕಾರಿ ಶಾಲೆಯೊಂದರ ಖಾಲಿ ಕೊಠಡಿಗಳಲ್ಲಿಯೇ ಎಂಟನೇ ತರಗತಿಯ 40 ಮಕ್ಕಳಿಂದ ಆರಂಭಿಸಬಹುದು. ಪಾಠಗಳ ಕರಡು ಬರೆಯಲು ನಾನೂ ನನ್ನ ಕೆಲವು ಸಹೋದ್ಯೋಗಿಗಳೂ ಬೇಸಿಗೆ ರಜೆಯನ್ನು ಕೊಡಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಸಮಾಜ ವಿಜ್ಞಾನ ಶಿಕ್ಷಕ, ಅಂಕೋಲಾ