ಫಿಲೇಚರ್ ಹುಡುಗನ ಹೊಸ ಆಲ್ಬಂ ಮತ್ತು ಕಾಯಿಸದ ತಮಟೆ

ಮಾನ್ಯ ಸಂಪಾದಕರೇ,

ನಮ್ಮ ಶಿಡ್ಲಘಟ್ಟದ ರ‍್ಯಾಪ್ ಹಾಡುಗಾರನೊಬ್ಬನ ಎರಡನೆಯ ಆಲ್ಬಂ ಹೊರಬಂದು ಮೂರು ವಾರಗಳಾದವು. ಅಂದಿನಿಂದ ಅವನ ಅಭಿಮಾನಿಗಳು ಎರಡು ಬಣಗಳಾಗಿ ವಾದಿಸುತ್ತಿದ್ದಾರೆ. ಆ ವಾದವನ್ನು ಕುರಿತು ತಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಬಂದ ಎರಡು ಪತ್ರಗಳನ್ನು ಓದಿದ ಮೇಲೆ ನನಗೆ ತಿಳಿದುದನ್ನು ಹೇಳಬೇಕೆನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಆತ ತನ್ನ ನಿಜವಾದ ಹೆಸರನ್ನು ಎಲ್ಲಿಯೂ ಹೇಳಿಕೊಂಡಿಲ್ಲವಾದ್ದರಿಂದ ನಾನೂ ಹೇಳುವುದಿಲ್ಲ. ರೇಷ್ಮೆ ನೂಲು ತೆಗೆಯುವ ಫಿಲೇಚರಿನಲ್ಲಿ ನಾಲ್ಕು ವರ್ಷ ದುಡಿದವನಾದ್ದರಿಂದ ಊರಿನವರು ಕರೆಯುವಂತೆ ಅವನನ್ನು ಫಿಲೇಚರ್ ಹುಡುಗ ಎಂದೇ ಕರೆಯುತ್ತೇನೆ.

ನಾನು ಈ ಊರಿನಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಮೈಕ್ ಸೆಟ್ ಬಾಡಿಗೆ ಕೊಡುವ ಅಂಗಡಿ ನಡೆಸುತ್ತಿದ್ದೇನೆ. ಮದುವೆ, ಊರಹಬ್ಬ, ಹರಿಕಥೆ, ಚುನಾವಣಾ ಸಭೆ ಎಲ್ಲಕ್ಕೂ ಬಾಕ್ಸ್ ಕಟ್ಟಿದ್ದೇನೆ. ಅದಕ್ಕೂ ಮೊದಲು ಕನ್ನಡವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಂಡು ಬಿ.ಎ. ಓದಿದ್ದೆ. ಆ ಓದು ಹೊಟ್ಟೆಪಾಡಿಗೆ ಒದಗಲಿಲ್ಲವಾದರೂ ಪದ್ಯ ಕಿವಿಗೆ ಬಿದ್ದಾಗ ಹ್ರಸ್ವಾಕ್ಷರಕ್ಕೆ ಒಂದು, ದೀರ್ಘಾಕ್ಷರಕ್ಕೆ ಎರಡು ಎಂದು ಮಾತ್ರೆ ಎಣಿಸುವ ಅಭ್ಯಾಸ ಮಾತ್ರ ಉಳಿದಿದೆ. ಈ ಆಲ್ಬಂ ವಿಷಯದಲ್ಲಿ ಅಂಗಡಿಯ ಕೆಲಸವೂ ಆ ಓದೂ ಎರಡೂ ನನ್ನ ನೆರವಿಗೆ ಬಂದವು.

ಜಗಳದ ಮೂಲ ಇಷ್ಟು. ಮೊದಲ ಆಲ್ಬಮ್ಮಿನ ಹಾಡುಗಳನ್ನು ಆತ ರಾತ್ರಿ ಪಾಳಿಯ ನಡುವೆ ಫಿಲೇಚರಿನ ಮೂಲೆಯಲ್ಲಿ ನಿಂತು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಿದ್ದ. ಹಿಂದೆ ನೂಲು ಸುತ್ತುವ ಯಂತ್ರದ ಸದ್ದು ಮೊದಲಿನಿಂದ ಕೊನೆಯವರೆಗೂ ಕೇಳಿಸುತ್ತಿತ್ತು. ಈ ಸಲ ಹಣ ಕೂಡಿಸಿಕೊಂಡು ಬೆಂಗಳೂರಿನ ಸ್ಟುಡಿಯೋ ಒಂದರಲ್ಲಿ ಒಂಬತ್ತು ಹಾಡುಗಳನ್ನು ಮಾಡಿಸಿದ್ದಾನೆ. ಧ್ವನಿಯನ್ನು ತೊಳೆದು ಒಣಗಿಸಿಬಿಟ್ಟಿದ್ದಾರೆ, ನಮ್ಮ ಹುಡುಗ ನಮ್ಮವನಾಗಿ ಉಳಿದಿಲ್ಲ ಎಂಬುದು ಹಳೆಯ ಅಭಿಮಾನಿಗಳ ದೂರು. ಈಗಲಾದರೂ ಕೇಳುವಂತಾಯಿತು ಎಂಬುದು ಹೊಸಬರ ಸಮಾಧಾನ. ಇದರ ಜೊತೆಗೆ, ಬೀಟ್ ಸಪ್ಪೆಯಾಗಿದೆ ಎಂದು ಕೆಲವರೂ ಎದೆ ನಡುಗುವಷ್ಟು ಬಲವಾಗಿದೆ ಎಂದು ಕೆಲವರೂ ಒಂದೇ ಹಾಡಿನ ಬಗ್ಗೆ ಆಣೆ ಇಟ್ಟು ಹೇಳುತ್ತಿದ್ದರು.

ಈ ಕೊನೆಯ ಮಾತು ನನಗೆ ವಿಚಿತ್ರವಾಗಿ ಕಂಡಿತು. ಕಳೆದ ಭಾನುವಾರ ಸಂಜೆ ಎರಡೂ ಬಣದ ಹನ್ನೊಂದು ಹುಡುಗರು ಅಂಗಡಿಗೆ ಬಂದಿದ್ದಾಗ ಎಲ್ಲರನ್ನೂ ಕೂರಿಸಿ ಎರಡನೆಯ ಹಾಡನ್ನು ಮೊದಲು ಒಬ್ಬನ ಮೊಬೈಲಿನಲ್ಲಿ, ಆಮೇಲೆ ಹದಿನೆಂಟು ಇಂಚಿನ ಬಾಸ್ ಬಾಕ್ಸಿನಲ್ಲಿ ಹಾಕಿ ಕೇಳಿಸಿದೆ. ಮೊಬೈಲಿನಲ್ಲಿ ಚಪ್ಪಾಳೆಯಂಥ ಸದ್ದು ಮಾತ್ರ ಟಪಟಪ ಎನ್ನುತ್ತಿತ್ತು. ಬಾಕ್ಸಿನಲ್ಲಿ ಹಾಕಿದಾಗ ಶೆಟರಿನ ತಗಡು ಅದುರಿತು. ಮೇಜಿನ ಮೇಲಿದ್ದ ಚಹಾದ ಲೋಟದೊಳಗೆ ಸುರುಳಿ ಸುರುಳಿಯಾಗಿ ಅಲೆ ಎದ್ದಿತು. ಬೀಟ್ ಸಪ್ಪೆ ಎಂದು ಅತಿ ಹೆಚ್ಚು ವಾದಿಸಿದ್ದ ಹುಡುಗ ಎದ್ದು ಬಾಕ್ಸಿನ ಜಾಲರಿಯ ಮೇಲೆ ಅಂಗೈ ಇಟ್ಟುಕೊಂಡು ಹಾಡು ಮುಗಿಯುವವರೆಗೂ ಹಾಗೆಯೇ ನಿಂತಿದ್ದ. ಕಾರಣ ಸರಳವಾದುದು. ರೋಲ್ಯಾಂಡ್ ಕಂಪನಿ 1980ರಲ್ಲಿ ಹೊರತಂದ ಟಿಆರ್-808 ಎಂಬ ಡ್ರಮ್ ಯಂತ್ರದ ದಪ್ಪ ಪೆಟ್ಟನ್ನು ಇಂದಿಗೂ ರ‍್ಯಾಪ್ ಮಾಡುವವರು ಬಿಟ್ಟಿಲ್ಲ; ಅದರ ಕಂಪನ ಸೆಕೆಂಡಿಗೆ 50ರ ಆಸುಪಾಸಿನಲ್ಲಿರುತ್ತದೆ. ಉಗುರಿನಷ್ಟಗಲದ ಮೊಬೈಲ್ ಸ್ಪೀಕರಿಗೆ ಆ ಸದ್ದನ್ನು ಹೊರಡಿಸುವ ಶಕ್ತಿಯೇ ಇಲ್ಲ. ಅರ್ಧ ಜನ ಕೇಳದೇ ಇರುವ ಹಾಡಿನ ಬಗ್ಗೆ ಮೂರು ವಾರ ವಾದ ನಡೆದಿತ್ತು.

ಯಂತ್ರದ ಸದ್ದು ಹೋಯಿತೆಂಬ ಕೊರಗನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಸದ್ದಿನೊಳಗೇ ಹುಟ್ಟಿ ಬೆಳೆದವರು ನಾವು. ರೇಷ್ಮೆಗೂಡು ಬೇಯುವ ವಾಸನೆ ಬೀದಿಗೆ ಬಂದರೆ ಬೆಳಗಾಯಿತೆಂದು ತಿಳಿಯುವ ಮನೆಗಳು ಇಲ್ಲಿವೆ. ಆದರೆ ಮೊದಲ ಆಲ್ಬಮ್ಮಿನಲ್ಲಿ ಆ ಸದ್ದು ಬೇರೆ ದಾರಿಯಿಲ್ಲದೆ ಸೇರಿಕೊಂಡದ್ದೇ ಹೊರತು ಆತ ಆರಿಸಿ ಸೇರಿಸಿದ್ದಲ್ಲ, ಮತ್ತು ಅದರಿಂದ ಪದಗಳು ಮುಳುಗಿಹೋಗಿದ್ದವು. ಅಂದು ಸಂಜೆ ಹಳೆಯ ಹಾಡೊಂದರ ಒಂದು ಸಾಲನ್ನು ನಾಲ್ಕು ಜನ ನಾಲ್ಕು ಬಗೆಯಾಗಿ ಹೇಳಿದರು. ಒಬ್ಬ ‘ಎಳೆ’ ಎಂದರೆ ಇನ್ನೊಬ್ಬ ‘ಹೊಳೆ’, ಮತ್ತೊಬ್ಬ ‘ಮಳೆ’ ಎಂದ. ನಾಲ್ವರಿಗೂ ಆ ಹಾಡು ಬಾಯಿಪಾಠವಾಗಿತ್ತು. ಮಾತನ್ನೇ ನಂಬಿ ನಿಂತ ಕಲೆಯಲ್ಲಿ ಮಾತು ಕೇಳಿಸದಿದ್ದರೆ ಅದನ್ನು ಗುಣವೆಂದು ಹೊಗಳುವುದು ಆ ಹುಡುಗನ ಶ್ರಮಕ್ಕೆ ಮಾಡುವ ಅನ್ಯಾಯ. ಹೊಸ ಆಲ್ಬಮ್ಮಿನ ನಾಲ್ಕನೆಯ ಹಾಡಿನ ಕೊನೆಗೆ ಅವನು ಮಾತು ನಿಲ್ಲಿಸಿ, ಆ ಯಂತ್ರದ ಸದ್ದನ್ನೊಂದೇ ಸುಮಾರು ಅರ್ಧ ನಿಮಿಷ ಬಿಟ್ಟಿದ್ದಾನೆ. ಅಲ್ಲಿ ಅದು ನಿಜವಾಗಿಯೂ ಕೇಳಿಸುತ್ತದೆ. ಹಾಡುಗಳನ್ನು ಬಿಡಿಬಿಡಿಯಾಗಿ, ಹಿಂದುಮುಂದಾಗಿ ಕೇಳುವವರು ಅದನ್ನು ಹಾಡಿನ ಬಾಲವೆಂದು ದಾಟಿಸಿಬಿಡುತ್ತಾರೆ. ಆದ್ದರಿಂದ ಒಂದರಿಂದ ಒಂಬತ್ತರವರೆಗೆ ಸಾಲಾಗಿ ಒಮ್ಮೆಯಾದರೂ ಕೇಳಬೇಕೆಂಬುದು ನನ್ನ ವಿನಂತಿ.

ದೊಡ್ಡ ಸ್ಪೀಕರ್ ಬಂದರೆ ಕಲೆ ಮಾರಾಟವಾದಂತೆ ಎನ್ನುವವರಿಗೆ ಇನ್ನೊಂದು ಸಂಗತಿ ನೆನಪಿಸಬೇಕು. ರ‍್ಯಾಪಿಗೆ ತಾಯಿಯಾದ ಹಿಪ್‌ಹಾಪ್ ಹುಟ್ಟಿದ ದಿನವೆಂದು ಅಮೆರಿಕದವರು ಆಚರಿಸುವುದು 1973ರ ಆಗಸ್ಟ್ 11ನ್ನು. ಅಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಎಂಬಾತ ತನ್ನ ತಂಗಿ ಏರ್ಪಡಿಸಿದ್ದ ಸಂತೋಷಕೂಟದಲ್ಲಿ ರೆಕಾರ್ಡುಗಳನ್ನು ನುಡಿಸಿದ. ಅವನು ಜಮೈಕಾದಲ್ಲಿ ಹುಟ್ಟಿದವನು. ಬೀದಿಯಲ್ಲಿ ಆಳೆತ್ತರದ ಬಾಕ್ಸುಗಳನ್ನು ನಿಲ್ಲಿಸಿ ಜನರನ್ನು ಕುಣಿಸುವ ಅಲ್ಲಿನ ಸೌಂಡ್ ಸಿಸ್ಟಂ ಪದ್ಧತಿಯನ್ನು ಬಲ್ಲವನು. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ತಟ್ಟೆಗಳ ಮೇಲಿಟ್ಟು, ಜನ ಹೆಚ್ಚು ಕುಣಿಯುತ್ತಿದ್ದ ತಾಳದ ತುಣುಕನ್ನೇ ಮತ್ತೆ ಮತ್ತೆ ಮರಳಿಸುತ್ತಿದ್ದ. ನನ್ನಂಥ ಬಾಕ್ಸ್ ಕಟ್ಟುವವರ ಕಸುಬಿನಿಂದ ಬೆಳೆದು ಬಂದ ಸಂಗೀತ ಇದು ಎಂಬ ಹೆಮ್ಮೆ ನನಗಿದೆ. ಸದ್ದು ಸ್ವಚ್ಛವೂ ದೊಡ್ಡದೂ ಆಗಿರಬೇಕೆಂದು ಬಯಸುವುದು ಇದರ ಹುಟ್ಟಿನಲ್ಲಿಯೇ ಇದೆ.

ಇನ್ನು ಪದಗಳ ವಿಷಯಕ್ಕೆ ಬರುತ್ತೇನೆ. ಎರಡೂ ಬಣದವರು ಇದರ ಬಗ್ಗೆಯೇ ಅತ್ಯಂತ ಕಡಿಮೆ ಮಾತನಾಡಿರುವುದು ನನಗೆ ನೋವಿನ ಸಂಗತಿ. ಮೂರನೆಯ ಹಾಡು ಗೂಡು ಬೇಯಿಸುವ ಬೇಸಿನ್ನಿನ ಮುಂದೆ ನಿಂತವನ ಹಾಡು. ಬಿಸಿನೀರಿನಲ್ಲಿ ಗೂಡಿನ ಅಂಟು ಸಡಿಲವಾಗಿ ಎಳೆಯ ತುದಿ ಮೇಲೆ ಬರುವುದನ್ನು ಬೆರಳಿನಿಂದ ಹಿಡಿಯುವವರ ಕೈ ದಿನದ ಕೊನೆಗೆ ಬೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಆ ಕೈಯಿಂದ ಅನ್ನ ಕಲಸುವಾಗ ಉಪ್ಪು ಉರಿಯುವುದನ್ನು ಅವನು ಹೇಳುತ್ತಾನೆ. ಆ ಹಾಡಿನಲ್ಲಿ ಮರಳಿ ಮರಳಿ ಬರುವ ‘ಬಿಸಿನೀರು, ಹಸಿಗೂಡು, ಉಸಿರಾಡದೆ’ ಎಂಬ ಮೂರು ಪದಗಳನ್ನು ಗಮನಿಸಿ. ತಾಳದ ಒಂದು ಆವರ್ತದಲ್ಲಿ ನಾಲ್ಕು ಎಣಿಕೆ, ಎಣಿಕೆಗೆ ನಾಲ್ಕರಂತೆ ಹದಿನಾರು ಮಾತ್ರೆ. ಸಾಮಾನ್ಯವಾಗಿ ಹಾಡುವವರು ಪದಗಳನ್ನು ನಾಲ್ಕು ನಾಲ್ಕಾಗಿ ಜೋಡಿಸಿ ಪ್ರತಿ ಪೆಟ್ಟಿಗೂ ಒಂದೊಂದು ಪದ ಬೀಳುವಂತೆ ಮಾಡುತ್ತಾರೆ. ಇವನು ಐದು, ಐದು, ಆರು ಎಂದು ಒಡೆದಿದ್ದಾನೆ. ಎರಡನೆಯ ಪದ ಪೆಟ್ಟಿಗಿಂತ ಒಂದು ಮಾತ್ರೆ ತಡವಾಗಿ ಬೀಳುತ್ತದೆ, ಮೂರನೆಯದು ಎರಡು ಮಾತ್ರೆ ತಡವಾಗುತ್ತದೆ. ಕೇಳುವವನಿಗೆ ಕಾಲು ಜಾರಿದಂತಾಗುವ ಹೊತ್ತಿಗೆ ಆರು ಮಾತ್ರೆಯ ಪದ ಅಂತರವನ್ನು ತುಂಬಿ ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಸರಿಯಾಗಿ ತಲುಪಿಸುತ್ತದೆ. ಕುದಿಯುವ ನೀರಿನ ಮೇಲೆ ಬಾಗಿ ಉಸಿರು ಹಿಡಿದವನ ಅವಸ್ಥೆ ಅರ್ಥದಲ್ಲಿರುವಂತೆಯೇ ನಡಿಗೆಯಲ್ಲಿಯೂ ಇದೆ.

ಮೂರೂ ಪದಗಳ ಎರಡನೆಯ ಅಕ್ಷರ ಒಂದೇ ಆಗಿರುವುದನ್ನೂ ನೋಡಬೇಕು. ಎರಡನೆಯ ಅಕ್ಷರದ ಈ ಪ್ರಾಸವನ್ನು ನಮ್ಮ ಹಳೆಯ ಕವಿಗಳು ಬಿಡದೆ ಪಾಲಿಸಿದರು. ಛಂದಸ್ಸಿನ ಗ್ರಂಥಗಳು ಅದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಹೆಸರು ಕೊಟ್ಟವು. ಮೊದಲಕ್ಷರ ಹ್ರಸ್ವವಾಗಿದ್ದರೆ ಅದು ಸಿಂಹಪ್ರಾಸ. ಕಳೆದ ಶತಮಾನದ ಆರಂಭದಲ್ಲಿ, 1911ರಲ್ಲಿ, ಮಂಜೇಶ್ವರದ ಗೋವಿಂದ ಪೈಗಳು ಈ ಪ್ರಾಸದ ಕಟ್ಟನ್ನು ಬಿಟ್ಟು ಬರೆಯತೊಡಗಿದರು, ಹೊಸಗನ್ನಡ ಕವಿತೆ ಆ ದಾರಿಯಲ್ಲಿಯೇ ನಡೆಯಿತು. ನೂರು ವರ್ಷಗಳ ನಂತರ ಪಿ.ಯು.ಸಿ.ಗೇ ಓದು ನಿಲ್ಲಿಸಿದ ಹುಡುಗನೊಬ್ಬ ಫಿಲೇಚರಿನಲ್ಲಿ ನಿಂತು ಅದನ್ನು ಕಿವಿಯಿಂದಲೇ ಹುಡುಕಿಕೊಂಡಿದ್ದಾನೆ. ಅದನ್ನು ಗುರುತಿಸಿದ ಕ್ಷಣ ನನಗೆ ರೋಮಾಂಚನವಾಯಿತೆಂದು ಹೇಳಲು ಸಂಕೋಚವಿಲ್ಲ.

ಇಷ್ಟು ಬಲ್ಲವನೇ ಆರನೆಯ ಮತ್ತು ಒಂಬತ್ತನೆಯ ಹಾಡುಗಳಲ್ಲಿ ಸೋತಿದ್ದಾನೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಕ್ರಿಯಾಪದಗಳ ಕೊನೆಯೂ ಒಂದೇ ರೀತಿಯಾಗಿರುತ್ತದೆ. ಹಾಗಾಗಿ ‘ನೋಡ್ತೀನಿ, ಕೂಗ್ತೀನಿ, ಗೆಲ್ತೀನಿ’ ಎಂದು ಎಷ್ಟು ಸಾಲುಗಳನ್ನು ಬೇಕಾದರೂ ಹೊಂದಿಸಬಹುದು. ಆ ಅಂತ್ಯಪ್ರಾಸವನ್ನು ವ್ಯಾಕರಣ ಪುಕ್ಕಟೆಯಾಗಿ ಕೊಡುತ್ತದೆ, ಹಾಡುಗಾರನ ಗಳಿಕೆ ಅದರಲ್ಲಿ ಏನೂ ಇಲ್ಲ. ಒಂಬತ್ತನೆಯ ಹಾಡಿನಲ್ಲಿ ಹದಿನಾಲ್ಕು ಸಾಲುಗಳು ಸತತವಾಗಿ ‘ತೀನಿ’ ಎಂದೇ ಮುಗಿಯುತ್ತವೆ. ತನ್ನನ್ನು ಹೀಯಾಳಿಸಿದವರಿಗೆ ಉತ್ತರ ಕೊಡುವ ಹಾಡು ಅದು. ಸಿಟ್ಟಿನಲ್ಲಿ ಬರೆದದ್ದೆಂದು ತಿಳಿಯುತ್ತದೆ. ಕೋಪವಿದ್ದರೆ ಬೇಡವೆನ್ನುವುದಿಲ್ಲ, ಆದರೆ ಮೂರನೆಯ ಹಾಡಿನ ಕೈ ಇಲ್ಲಿಯೂ ಕೆಲಸ ಮಾಡಬೇಕಿತ್ತು.

ತೆಲುಗು ಮತ್ತು ಉರ್ದು ಪದಗಳನ್ನು ಬೆರೆಸಿ ಕನ್ನಡವನ್ನು ಕೆಡಿಸಿದ್ದಾನೆ ಎಂದು ತಮ್ಮ ಪತ್ರಿಕೆಗೆ ಬರೆದ ಹಿರಿಯರ ಆಕ್ಷೇಪಕ್ಕೆ ಎರಡು ಮಾತು ಸಾಕು. ನಮ್ಮ ಜಿಲ್ಲೆಯಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಫಿಲೇಚರಿನಲ್ಲಿ ಉರ್ದು ಆಡುವ ಮಕ್ಕಳು ಸಾವಿರಾರು ಮಂದಿ ಇದ್ದಾರೆ. ನಮ್ಮ ಕಡೆಯ ಸಂತಕವಿ ಕೈವಾರದ ತಾತಯ್ಯನವರು ಕನ್ನಡ, ತೆಲುಗು ಎರಡರಲ್ಲಿಯೂ ಹಾಡು ಕಟ್ಟಿದರು. ಆ ಹಾಡುಗಳನ್ನು ನಾವು ಇಂದಿಗೂ ಭಜನೆಯಲ್ಲಿ ಹಾಡುತ್ತೇವೆ.

ನನ್ನ ನಿಜವಾದ ದೂರು ಬೇರೆಯದಿದೆ. ಏಳನೆಯ ಹಾಡಿನಲ್ಲಿ ತಮಟೆ ಬರುತ್ತದೆ. ಅಭಿಮಾನಿಗಳೆಲ್ಲ ಇದೊಂದು ವಿಷಯದಲ್ಲಿ ಒಮ್ಮತದಿಂದ ಮೆಚ್ಚಿಕೊಂಡಿದ್ದಾರೆ, ನಮ್ಮ ತಮಟೆ ಕೊನೆಗೂ ರ‍್ಯಾಪಿನೊಳಗೆ ಬಂತೆಂದು ಸಂಭ್ರಮಿಸಿದ್ದಾರೆ. ನಾನು ಅದನ್ನು ದೊಡ್ಡ ಬಾಕ್ಸಿನಲ್ಲಿ ಆರು ಸಲ ಕೇಳಿದೆ. ಅದು ಯಾರೂ ಬಾರಿಸಿದ ತಮಟೆಯಲ್ಲ. ಕಂಪ್ಯೂಟರಿನಲ್ಲಿ ಸಿಗುವ ಸಿದ್ಧ ತುಣುಕನ್ನು ಮರಳಿ ಮರಳಿ ಜೋಡಿಸಿದ್ದು. ಗುರುತು ಹಿಡಿಯುವುದು ಕಷ್ಟವಲ್ಲ. ತಮಟೆ ಬಾರಿಸುವವರು ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ ಹಿಡಿಯುತ್ತಾರೆ. ಬಾರಿಸುವ ಮೊದಲು ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿಯಾಗುವಂತೆ ಕಾಯಿಸುತ್ತಾರೆ. ಬಾರಿಸುತ್ತ ಹೋದಂತೆ ಚರ್ಮ ಆರುತ್ತದೆ, ಸದ್ದು ನಿಧಾನವಾಗಿ ಕೆಳಗಿಳಿಯುತ್ತದೆ. ಒಬ್ಬ ಪಕ್ಕಕ್ಕೆ ಸರಿದು ಮತ್ತೆ ಕಾಯಿಸಿಕೊಂಡು ಬಂದಾಗ ಅವನ ಪೆಟ್ಟು ಉಳಿದವರಿಗಿಂತ ಮೇಲೆ ಏಳುತ್ತದೆ. ಊರಹಬ್ಬದಲ್ಲಿ ಮೈಕು ಹಿಡಿದು ನಿಂತಾಗ ಈ ಏರಿಳಿತಕ್ಕೆ ತಕ್ಕಂತೆ ನಾನು ಗುಂಡಿ ತಿರುಗಿಸುತ್ತಲೇ ಇರಬೇಕಾಗುತ್ತದೆ. ಈ ಹಾಡಿನ ನಾಲ್ಕು ನಿಮಿಷದಲ್ಲಿ ಮೊದಲ ಪೆಟ್ಟಿಗೂ ಕೊನೆಯ ಪೆಟ್ಟಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2022ರಲ್ಲಿ ಪದ್ಮಶ್ರೀ ಪಡೆದ ತಮಟೆ ಕಲಾವಿದ ಮುನಿವೆಂಕಟಪ್ಪನವರ ಪಿಂಡಿಪಾಪನಹಳ್ಳಿ ಇರುವುದು ನಮ್ಮದೇ ತಾಲ್ಲೂಕಿನಲ್ಲಿ. ಅವರಲ್ಲದೆ, ಯಾವ ಪ್ರಶಸ್ತಿಯೂ ಇಲ್ಲದೆ ಹಬ್ಬದ ದಿನ ಎಂಟು ತಾಸು ನಿಂತು ಬಾರಿಸುವವರು ಸುತ್ತಲಿನ ಹಳ್ಳಿಗಳಲ್ಲಿ ಇದ್ದಾರೆ. ಕೈ ಸುಕ್ಕುಗಟ್ಟಿದ ಕೂಲಿಯವನ ಬಗ್ಗೆ ಅಷ್ಟು ನಿಷ್ಠೆಯಿಂದ ಹಾಡಿದ ಹುಡುಗ ತಮಟೆಯವರ ಕೈಯನ್ನು ಮಾತ್ರ ಬಿಟ್ಟು ಅವರ ಸದ್ದನ್ನಷ್ಟೇ ತೆಗೆದುಕೊಂಡದ್ದು ನನಗೆ ಒಪ್ಪಿಗೆಯಾಗಲಿಲ್ಲ. ಸ್ಟುಡಿಯೋದಲ್ಲಿ ಬೆಂಕಿ ಹಾಕಲು ಬಿಡುವುದಿಲ್ಲ ಎಂದು ಅವನ ಗೆಳೆಯನೊಬ್ಬ ಸಮಜಾಯಿಷಿ ಹೇಳಿದ. ಆ ಮಾತು ನಿಜವಿರಬಹುದು. ಹಾಗಾದರೆ ಮೈಕನ್ನೇ ಬೆಂಕಿ ಇರುವ ಕಡೆಗೆ ಒಯ್ಯಬಹುದಿತ್ತು. ಮೊದಲ ಆಲ್ಬಂ ಅವನು ಮಾಡಿದ್ದೇ ಹಾಗೆ.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ ಇದೆ. ಭಾನುವಾರದ ಪುರವಣಿಯಲ್ಲಿ ಕವನ ಸಂಕಲನಗಳಿಗೆ ವಿಮರ್ಶೆ ಬರುವ ಜಾಗದಲ್ಲಿ ಇಂಥ ಆಲ್ಬಂಗಳಿಗೂ ಆಗಾಗ ಸ್ಥಳ ಕೊಡಿ. 2018ರಲ್ಲಿ ಅಮೆರಿಕದ ಪುಲಿಟ್ಜರ್ ಸಂಗೀತ ಪ್ರಶಸ್ತಿ ಮೊದಲ ಬಾರಿಗೆ ಒಂದು ರ‍್ಯಾಪ್ ಆಲ್ಬಮ್ಮಿಗೆ ಸಂದಿತು. ನಮ್ಮಲ್ಲಿ ಸಿನಿಮಾದ ಹೊರಗೆ ಹಾಡು ಕಟ್ಟುವ ಹುಡುಗರ ಸಾಲುಗಳನ್ನು ಮಾತ್ರೆ ಎಣಿಸಿ ಓದುವವರು ಇನ್ನೂ ಸಿಗಬೇಕಾಗಿದೆ.

ಫಿಲೇಚರ್ ಹುಡುಗ ಈ ಪತ್ರ ಓದುವನೆಂಬ ನಂಬಿಕೆಯಿಂದ ಒಂದು ಮಾತು. ಏಳನೆಯ ಹಾಡನ್ನು ಮತ್ತೊಮ್ಮೆ ಮಾಡುವ ಮನಸ್ಸಿದ್ದರೆ ನನ್ನ ಅಂಗಡಿಯ ನಾಲ್ಕು ಒಳ್ಳೆಯ ಮೈಕುಗಳು, ಮಿಕ್ಸರು, ಜನರೇಟರು ಬಾಡಿಗೆಯಿಲ್ಲದೆ ಎರಡು ದಿನ ನಿನ್ನವು. ತಮಟೆಯವರಿಗೆ ಸಲ್ಲಬೇಕಾದ ಸಂಭಾವನೆಯಲ್ಲಿ ಅರ್ಧವನ್ನೂ ನಾನೇ ಕೊಡುತ್ತೇನೆ. ಸುಗ್ಗಿ ಮುಗಿದ ಮೇಲೆ ಬಾ, ಆಗ ಕಣದಲ್ಲಿ ಹುಲ್ಲು ಧಾರಾಳವಾಗಿ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಮೈಕ್ ಸೆಟ್ ಅಂಗಡಿಯ ಓದುಗ,
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ